ಒಂಬತ್ತು ನಂಬರಿನ ಎಡಗಾಲು

ಹೈದರಾಬಾದಿಗೆ ಇಳಿಯಲು ಹೊರಟ ವಿಮಾನದಲ್ಲಿ ಕಿಟಕಿ ಪಕ್ಕ ಕೂತಿದ್ದವನ ಪಾದದ ಅಳತೆಯನ್ನು ನಾನು ಜಹೀರಾಬಾದ್ ಬಸ್ ನಿಲ್ದಾಣದ ಎದುರು ಕೂತಲ್ಲೇ ತಲೆ ಎತ್ತಿ ನೋಡಿ ಹೇಳಿದ್ದೇನೆ. ಎಂಟೂವರೆ. ಎಡಗಾಲು ಕೂದಲೆಳೆಯಷ್ಟು ದೊಡ್ಡದು. ನಂಬದವರು ಆ ವಿಮಾನದವನನ್ನೇ ಹುಡುಕಿಕೊಂಡು ಹೋಗಿ ಕೇಳಬಹುದು, ನನ್ನದೇನೂ ಅಡ್ಡಿಯಿಲ್ಲ.

ನನ್ನ ಹೆಸರು ತುಳಜಪ್ಪ. ಜೋಡು ಹೊಲಿಯುವುದು ಕಸುಬು, ನಮ್ಮಪ್ಪನದೂ ಅದೇ. ನಾನು ಹೊಲಿದ ಜೋಡು ಮೆಟ್ಟಿದವರು ಸತ್ತ ಮೇಲೆ ಅವರ ಮಕ್ಕಳು ಮೆಟ್ಟುತ್ತಾರೆ, ಆಮೇಲೆ ಮೊಮ್ಮಕ್ಕಳು. ಮಳೆಗಾಲದಲ್ಲಿ ಅದರೊಳಗೆ ಕೂತು ಮಾಂಜ್ರಾ ಹೊಳೆ ದಾಟಿದವರೂ ಇದ್ದಾರೆ. ಆದರೆ ಈ ಸೀಮೆಯಲ್ಲಿ ನನ್ನ ಹೆಸರು ಓಡುವುದು ಅದಕ್ಕಲ್ಲ. ಒಂಟಿ ಕಾಲಿನವರಿಗೆ ಜೊತೆ ಕಟ್ಟುವುದಕ್ಕೆ.

ಅದೇನು ಅಂದರೆ, ಒಂದು ಕಾಲು ಹೋದವನು ಅಂಗಡಿಗೆ ಹೋದರೆ ಅಂಗಡಿಯವನು ಜೋಡಿಯನ್ನೇ ಕೊಡುತ್ತಾನೆ, ಒಂದನ್ನು ಕೊಡುವುದಿಲ್ಲ. ಬೇಡದ ಇನ್ನೊಂದನ್ನು ಮನೆಗೆ ಒಯ್ದು ಅವನೇನು ಮಾಡಬೇಕು? ಬಾಗಿಲಲ್ಲಿಟ್ಟರೆ ದಿನಾ ಕಣ್ಣಿಗೆ ಬೀಳುತ್ತದೆ. ಬಿಸಾಡಲು ಕೈ ಏಳುವುದಿಲ್ಲ. ನಾನು ಮಾಡುವುದಿಷ್ಟೆ: ಎಡಗಾಲು ಹೋದವನೊಬ್ಬನನ್ನೂ ಅದೇ ಅಳತೆಯ, ಬಲಗಾಲು ಹೋದ ಇನ್ನೊಬ್ಬನನ್ನೂ ಹುಡುಕಿ, ಒಂದೇ ಜೋಡಿ ಹೊಲಿದು ಇಬ್ಬರಿಗೂ ಹಂಚುತ್ತೇನೆ. ಒಬ್ಬ ಜಹೀರಾಬಾದಿನವನು, ಇನ್ನೊಬ್ಬ ಬೊಮ್ರಾಸಪೇಟಿನವನು. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಜಾತಿ ಕೇಳುವುದಿಲ್ಲ, ಜಾತಕ ಕೂಡಿಸುವುದಿಲ್ಲ, ಪಾದ ಕೂಡಿದರೆ ಸಂಬಂಧ ಗಟ್ಟಿ. ಇಂಥ ಮದುವೆ ನಾನು ಮಾಡಿಸಿದ್ದು ಲಕ್ಷ ದಾಟಿದೆ. ಒಂದೂ ಮುರಿದಿಲ್ಲ.

ಕೆಲಸ ಶುರು ಮಾಡಿದ ಕಾಲಕ್ಕೆ ಕಾಲಿಲ್ಲದವರು ಅಂದರೆ ತಾಂಡೂರಿನ ಫರಸಿ ಕಲ್ಲಿನ ಗಣಿಯಲ್ಲಿ ಮೈಮೇಲೆ ಕಲ್ಲು ಬಿದ್ದವರು, ವಾಡಿ ಲೈನಿನಲ್ಲಿ ರೈಲಿಗೆ ಸಿಕ್ಕವರು, ಕಬ್ಬಿನ ಟ್ರ್ಯಾಕ್ಟರಿನಿಂದ ಜಾರಿದವರು. ಅವರ ಕಾಲಿಗೊಂದು ಕತೆ ಇರುತ್ತಿತ್ತು. ಕೂತು ಹೇಳುತ್ತಿದ್ದರು, ನಾನು ಹೊಲಿಯುತ್ತ ಕೇಳುತ್ತಿದ್ದೆ. ಈಗ ಬರುವವರಿಗೆ ಕತೆಯೇ ಇಲ್ಲ. ‘ಶುಗರ್’ ಅನ್ನುತ್ತಾರೆ, ಸುಮ್ಮನಾಗುತ್ತಾರೆ. ಮುಳ್ಳು ಚುಚ್ಚಿತ್ತಂತೆ, ಗೊತ್ತಾಗಲಿಲ್ಲವಂತೆ. ಬಿಸಿನೀರು ಬಿದ್ದಿತ್ತಂತೆ, ಗೊತ್ತಾಗಲಿಲ್ಲವಂತೆ. ಮೊದಲು ಅರವತ್ತು ದಾಟಿದವರನ್ನು ಮಕ್ಕಳು ಕರೆತರುತ್ತಿದ್ದರು. ಈಗ ಸ್ವಂತ ಮಕ್ಕಳಿನ್ನೂ ಶಾಲೆಗೆ ಹೋಗುವವರು ಬರುತ್ತಾರೆ. ಹೆಂಗಸರು ಹಳೆಯ ಒಂಟಿ ಚಪ್ಪಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಸುತ್ತ ಯಾರೂ ಇಲ್ಲದ್ದು ನೋಡಿ ಬಿಚ್ಚುತ್ತಾರೆ. ಇನ್ನೂ ಒಂದು ಮಾತು ಹೇಳಬೇಕು. ಹಿಂದೆಲ್ಲ ಬರುತ್ತಿದ್ದವರು ತೊಡೆಯ ತನಕ ಹೋದವರೇ. ಈಗ ಬೆರಳು ಹೋದವರು, ಅರ್ಧ ಪಾದ ಹೋದವರೂ ಬರುತ್ತಾರೆ. ಅವರು ಡಾಕ್ಟರ ಹತ್ತಿರ ಬೇಗ ಹೋದವರು. ಅವರಿಗೆ ನಾನು ಜೊತೆ ಕಟ್ಟಬೇಕಿಲ್ಲ, ಜೋಡಿನ ಮೂತಿಯಲ್ಲಿ ಮೆತ್ತನೆಯದೇನಾದರೂ ತುಂಬಿಕೊಟ್ಟರೆ ಸಾಕು. ಎರಡೂ ಕಾಲಲ್ಲಿ ನಡೆದು ಹೋಗುತ್ತಾರೆ. ಅವರ ಬೆನ್ನು ನೋಡುವುದೇ ನನಗೆ ಈಚೆಗೆ ಉಳಿದಿರುವ ಸಂತೋಷ.

ನಾನು ಕಟ್ಟಿದ ಜೊತೆಗಳಲ್ಲಿ ಹೆಸರುವಾಸಿಯಾದದ್ದು ತಾಂಡೂರಿನ ಶಂಕ್ರೆಪ್ಪ ಸಾವ್ಕಾರರದು ಮತ್ತು ನಾರಾಯಣಖೇಡದ ಮೊಗಲಪ್ಪ ಪಾಟೀಲನದು. ಶಂಕ್ರೆಪ್ಪನವರಿಗೆ ತೊಗರಿ ಮಾರುಕಟ್ಟೆಯಲ್ಲಿ ಅಡತ್ ಅಂಗಡಿ, ದಲಾಲಿ ವ್ಯಾಪಾರ. ಶುಗರಿಗೆ ಎಡಗಾಲು ತೊಡೆಯಿಂದ ಹೋಗಿತ್ತು. ಕಂಕುಳಲ್ಲಿ ಬಡಿಗೆ ಇಟ್ಟುಕೊಂಡು ಉಳಿದ ಬಲಗಾಲಲ್ಲಿ ನಡೆಯಬೇಕು. ಕಟ್ಟಿಸಿಕೊಂಡ ಕೃತಕ ಕಾಲು ಮೂಲೆಯಲ್ಲಿ ನಿಂತಿತ್ತು. ಅದರ ಮೇಲೆ ಅವರು ಟವೆಲ್ ಒಣಹಾಕುತ್ತಿದ್ದರು. ಅದೇ ಸುಮಾರಿನಲ್ಲಿ ಮೊಗಲಪ್ಪನಿಗೆ ಬಲಗಾಲು ಹೋಯಿತು, ಅದೂ ಶುಗರಿಗೇ. ಇಬ್ಬರದೂ ಒಂಬತ್ತು ನಂಬರು. ಒಂದು ಜೋಡಿ ಹೊಲಿದೆ. ಬಲದ್ದು ತಾಂಡೂರಿಗೆ ಹೋಯಿತು, ಎಡದ್ದು ನಾರಾಯಣಖೇಡಕ್ಕೆ.

ಆಗ ಶಂಕ್ರೆಪ್ಪನವರು ಅಂಗಡಿಗೆ ಹೋಗುವುದನ್ನು ಬಿಟ್ಟು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಹೆಂಡತಿ ರುಕ್ಮಿಣಿಬಾಯಿ ಊಟದ ತಟ್ಟೆ ಇಟ್ಟು, ಹಾಗೇ ತಣ್ಣಗಾದದ್ದನ್ನು ಎತ್ತಿಕೊಂಡು ಬರುತ್ತಿದ್ದರು. ನಾನು ಜೋಡು ಕೊಡಲು ಹೋದವನು ಸುಮ್ಮನಿರಲಾರದೆ ಪಾಟೀಲನ ಸುದ್ದಿ ತೆಗೆದೆ. ಇದರ ಎಡದ್ದು ಮೆಟ್ಟಿದವನು ಒಂದೇ ಕಾಲಲ್ಲಿ ಬಾವಿಗಿಳಿದು ನೀರು ತರುತ್ತಾನೆ ಎಂದೆ. ಹೊಲಕ್ಕೆ ಬಂದ ಕಾಡುಹಂದಿಯನ್ನು ಕಂಕುಳ ಬಡಿಗೆಯಿಂದ ಹೊಡೆದು ಓಡಿಸಿ, ಓಡಿದ್ದನ್ನು ಅಟ್ಟಿಸಿಕೊಂಡು ಹೋದ ಎಂದೆ. ಗೋಡೆಯ ಕಡೆಗಿದ್ದ ಮುಖ ಸ್ವಲ್ಪ ಈಚೆಗೆ ಹೊರಳಿತು.

‘ಕುಂಟ ಹಂದೀನ ಇರಬೇಕು ಅದು,’ ಎಂದರು ಶಂಕ್ರೆಪ್ಪ.

ಅಲ್ಲಿಂದ ಶುರು. ಹೋದಾಗಲೆಲ್ಲ ಅವರದು ಒಂದೇ ಪ್ರಶ್ನೆ, ಅಂವ ಏನ್ ಮಾಡ್ಲತ್ತಾನ ಅಂತ. ಪಾಟೀಲ ಬೈಕು ಕಲಿತ ಎಂದ ತಿಂಗಳು ಇವರು ಅಂಗಳಕ್ಕೆ ಬಂದರು. ಪಾಟೀಲ ಝರಾಸಂಗಮದ ದೇವರಿಗೆ ನಡೆದು ಹೋಗಿಬಂದ ಎಂದ ಮೇಲೆ ಇವರು ಅಂಗಡಿ ತನಕ ಹೋಗಿ ಗಾದಿಯ ಮೇಲೆ ಕೂತರು. ಹಮಾಲರನ್ನು ಮೊದಲಿನಂತೆ ಬೈಯತೊಡಗಿದರು. ರುಕ್ಮಿಣಿಬಾಯಿ ಆ ದಿನ ನನಗೆ ಎರಡು ಸಲ ಚಹಾ ಕೊಟ್ಟರು, ಎರಡನೆಯದಕ್ಕೆ ಸಕ್ಕರೆ ಹಾಕಲು ಮರೆತಿದ್ದರು. ಆ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂಬುದೇ ಮರೆತುಹೋಗಿತ್ತು.

ಈ ವರ್ಷ ಸಂಕ್ರಾಂತಿ ಕಳೆದು ತೊಗರಿ ಬರುವ ಹೊತ್ತಿಗೆ ನಾನು ಹೊಸ ಬಲಗಾಲಿನ ಜೋಡನ್ನು ಚೀಲದಲ್ಲಿಟ್ಟುಕೊಂಡು ತಾಂಡೂರಿನ ಬಸ್ಸು ಹತ್ತಿದೆ. ನಾನು ಹತ್ತಿದರೆ ಡ್ರೈವರ್ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ, ಆದರೆ ಆ ದಿನ ಸೀಟು ಸಿಗಲಿಲ್ಲ. ನಿಂತೇ ಹೋದೆ. ಈಚೆಗೆ ಬಸ್ಸಿನಲ್ಲಿ ನಿಂತರೆ ಬೆನ್ನು ನೋಯುತ್ತದೆ. ಇಳಿದಾಗ ತಾಂಡೂರಿನ ಕಲ್ಲುಹುಡಿ ಹಾರಿ ಗಿಡಗಳೆಲ್ಲ ಬೆಳ್ಳಗೆ ಮುದಿಯಾಗಿದ್ದವು.

ರುಕ್ಮಿಣಿಬಾಯಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ದನಿ ತಗ್ಗಿಸಿ ಆದದ್ದನ್ನು ಹೇಳಿದರು. ಅಂಗಡಿಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ಮುರಿದು ಅದರ ತುದಿ ನೆಲದಲ್ಲಿ ಬಿದ್ದಿತ್ತು. ಜೋಡಿನ ತಳ ತೂರಿ ಹೆಬ್ಬೆರಳಿಗೆ ನಟ್ಟಿದೆ. ಇವರಿಗೆ ಗೊತ್ತೇ ಆಗಿಲ್ಲ. ದಿನವೆಲ್ಲ ಅದನ್ನೇ ಮೆಟ್ಟಿಕೊಂಡು ಓಡಾಡಿದ್ದಾರೆ. ಸಂಜೆ ಮನೆಯಲ್ಲಿ ಜೋಡು ಎಳೆದರೆ ಬರಲಿಲ್ಲವಂತೆ. ಈಗ ಬೆರಳು ಕಪ್ಪಾಗಿದೆ. ಡಾಕ್ಟರು ನೋಡಿ, ಈಗಲೇ ಬಂದರೆ ಹೆಬ್ಬೆರಳೊಂದನ್ನು ತೆಗೆದು ಕಾಲು ಉಳಿಸಬಹುದು, ಮೇಲಕ್ಕೆ ಏರಿದರೆ ಈ ಕಾಲೂ ಹೋಗುತ್ತದೆ, ದಿನ ದೂಡಬೇಡಿ ಎಂದಿದ್ದಾರೆ. ಶಂಕ್ರೆಪ್ಪ ಒಲ್ಲೆ ಎಂದು ಕೂತಿದ್ದಾರೆ. ಮೊದಲನೆಯ ಕಾಲಿಗೂ ಬೆರಳು ಅಂತಲೇ ಶುರುವಾಗಿತ್ತು, ಆಮೇಲೆ ಪಾದ ಅಂದರು, ಆಮೇಲೆ ತೊಡೆ ತೆಗೆದರು ಎಂಬುದು ಅವರ ವಾದ. ಆಗ ತಾವು ಎರಡು ತಿಂಗಳು ಅರಿಸಿನ ಹಚ್ಚಿಕೊಂಡು ಮನೆಯಲ್ಲೇ ಕೂತಿದ್ದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾನು ಹೊಲಿದ ತಳವನ್ನು ಬಂದೂಕಿನ ಗುಂಡೂ ತೂರುವುದಿಲ್ಲ ಎಂದು ಆ ಮನೆಯಲ್ಲಿ ಎಷ್ಟು ಸಲ ಹೇಳಿದ್ದೆನೋ. ಆ ದಿನ ಹೇಳಲಿಲ್ಲ.

‘ತುಳಜಪ್ಪಣ್ಣ, ನನ್ನ ಮಾತು ಕೇಳಾಂಗಿಲ್ಲ, ಮಕ್ಕಳ ಮಾತೂ ಕೇಳಾಂಗಿಲ್ಲ,’ ಎಂದರು ರುಕ್ಮಿಣಿಬಾಯಿ. ‘ಆ ಪಾಟೀಲ ಒಬ್ಬ ಹೇಳಿದ್ರ ಕೇಳ್ತಾರ. ಅವನ್ನ ಕರ್ಕೊಂಡು ಬಾ. ಬೇಕಾದ್ರ ಗಾಡಿ ಮಾಡಿ ಕಳಸ್ತೀನಿ.’

ಒಳಗೆ ಊದುಬತ್ತಿ ಹಚ್ಚಿದ್ದರು. ಅದರ ಕೆಳಗೆ ಇನ್ನೊಂದು ವಾಸನೆ ಇತ್ತು. ಈ ಕೆಲಸದಲ್ಲಿರುವ ನನಗೆ ಆ ವಾಸನೆ ಗೊತ್ತು. ಶಂಕ್ರೆಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತು, ಬಿಳಿ ಬಟ್ಟೆ ಸುತ್ತಿದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡಿದ್ದರು. ಮೈ ಕಾದಿದ್ದು ಮುಖದಲ್ಲೇ ಕಾಣುತ್ತಿತ್ತು.

‘ಏನ್ ಮಾಡ್ಲತ್ತಾನ ನನ್ನ ಜೋಡಿ?’ ಎಂದರು.

ಪಾಟೀಲರು ತೊಗರಿ ರಾಶಿಯಲ್ಲಿದ್ದಾರೆ, ಒಬ್ಬರೇ ಹತ್ತಾಳಿನ ಕೆಲಸ ಮಾಡುತ್ತಿದ್ದಾರೆ ಎಂದೆ. ದನಿ ಎಂದಿನಂತೆ ಏಳಲಿಲ್ಲ.

‘ಬಂದು ಹೇಳಂತ ಹೇಳು ಅವನಿಗಿ. ಬೆರಳು ಕೊಡು ಅಂದ್ರ ಕೊಡ್ತೀನಿ.’

‘ರಾಶಿ ಬಿಟ್ಟು ಬರಾಕ ಆಗಾಂಗಿಲ್ರಿ ಸಾವ್ಕಾರ್ರ.’

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ‘ಹಂಗಾದ್ರ ಅವನ ಕಾಲಾಗಿನ ಜೋಡು ತಗೊಂಡು ಬಾ. ಹೊಸಾದಲ್ಲ, ಸವದದ್ದು. ಮಾತು ನಿಂದು ತುಳಜಪ್ಪ, ಸವೆತ ಅವಂದು. ಅಷ್ಟು ನಡದಿದ್ದು ಖರೇ ಇದ್ರ ನಾ ದವಾಖಾನಿಗಿ ಹೋಗ್ತೀನಿ.’

ಮರುದಿನ ನಾರಾಯಣಖೇಡದ ಬಸ್ಸು ಹಿಡಿದೆ. ಪಾಟೀಲ ಹೊಲದಲ್ಲಿದ್ದ. ಒಂಟಿ ಕಾಲಲ್ಲಿ ನಿಂತು ತೊಗರಿ ಕಂತೆ ಎತ್ತಿ ಎಸೆಯುತ್ತಿದ್ದ. ಒಂದೊಂದು ಕಂತೆಯೂ ಆಲದ ಮರದಷ್ಟು. ಕಾಗೆಗಳು ಹೆದರಿ ಕರ್ನಾಟಕಕ್ಕೆ ಹೋಗಿ ಕೂತಿದ್ದವು. ನನ್ನನ್ನು ಕಂಡು ನಕ್ಕ. ವಿಷಯ ಹೇಳಿದೆ. ನಿಂತ ಕಾಲಿನಿಂದಲೇ ಜೋಡು ಕಳಚಿ ಕೊಟ್ಟು, ‘ಬೆರಳು ಕೊಟ್ಟು ಕಾಲು ಉಳಿಸ್ಕೋ ಅಂತ ಹೇಳು ನನ್ನ ಜೋಡೀಗಿ,’ ಎಂದ. ಬರಿಗಾಲಲ್ಲಿ ಮತ್ತೆ ರಾಶಿ ಕಡೆ ಹೋದ.

ಅಲ್ಲಿಂದ ನೇರ ತಾಂಡೂರಿಗೆ ಹೋಗಬೇಕಿತ್ತು. ಆಗಲಿಲ್ಲ. ಜಹೀರಾಬಾದಿನಲ್ಲಿ ನನ್ನ ಗೂಡಂಗಡಿ ಮುಂದೆ ಗಿರಾಕಿಗಳ ಸಾಲು. ಸಾಲಿನ ಬಾಲ ಬೀದರಿನಲ್ಲಿತ್ತು. ಮೂರ್ನಾಲ್ಕು ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಎಡಗಾಲಿಗೆ ಒಂದು ಬಗೆಯ ಜೋಡು, ಬಲಗಾಲಿಗೆ ಇನ್ನೊಂದು ಬಗೆಯದು ಹಾಕಿಕೊಂಡು ಓಡಾಡುತ್ತಿದ್ದುದನ್ನು ಕಂಡು ನನ್ನ ಹೆಂಡತಿ ಸ್ವರೂಪಾ, ತಲೆ ಮೊದಲೇ ಹೋಗಿತ್ತು, ಈಗ ಕಾಲೂ ಹೋದವೇನು ಎಂದಳು. ಇದು ಮುಂಬೈಯ ಹೊಸ ಫ್ಯಾಶನ್ನು ಎಂದೆ. ಮನೆಯಿಂದ ಮಾರುಕಟ್ಟೆಯ ಮಂಡಿಗೆ, ಮಂಡಿಯಿಂದ ರೈಲ್ವೆ ಗೇಟಿಗೆ, ಅಲ್ಲಿಂದ ಮನೆಗೆ ಸುಮ್ಮಸುಮ್ಮನೆ ನಡೆಯುತ್ತಿದ್ದೆ. ರುಕ್ಮಿಣಿಬಾಯಿಯ ಫೋನು ಬರುತ್ತಿತ್ತು. ಹೊರಟೆ, ಬಸ್ಸಿನಲ್ಲಿದ್ದೇನೆ ಅನ್ನುತ್ತಿದ್ದೆ. ಕೊನೆಯ ಸಲ ಅವರು ಏನೂ ಕೇಳಲಿಲ್ಲ. ಫೋನಿನಲ್ಲಿ ಉಸಿರು ಮಾತ್ರ ಕೇಳಿಸಿತು.

ತಾಂಡೂರಿಗೆ ಹೋದೆ. ಊದುಬತ್ತಿ ಆಗ ಎರಡು ಕಡೆ ಹಚ್ಚಿದ್ದರು.

ಶಂಕ್ರೆಪ್ಪ ಕೈ ಚಾಚಿದರು. ಸವೆದ ಎಡಗಾಲಿನ ಜೋಡನ್ನು ಅವರ ಕೈಗಿಟ್ಟು ಪಾಟೀಲನ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ತೊಗರಿ ಕಂತೆ ಹೇಳಿದೆ, ಕಾಗೆ ಹೇಳಿದೆ. ಅವರು ನಗಲಿಲ್ಲ. ಜೋಡನ್ನು ಬೋರಲು ಹಾಕಿ ತಳದ ಮೇಲೆ ಬೆರಳಾಡಿಸಿದರು. ಹಿಮ್ಮಡಿಯ ಹೊರ ಅಂಚನ್ನು ಮುಟ್ಟಿದರು. ಮತ್ತೆ ಮುಟ್ಟಿದರು.

‘ರುಕ್ಮಿಣಿ, ನನ್ನ ಹಳೇ ಜೋಡು ತಾ.’

ತಂದರು. ಎರಡನ್ನೂ ತೊಡೆಯ ಮೇಲೆ ಪಕ್ಕಪಕ್ಕ ಬೋರಲಿಟ್ಟು ನನ್ನ ಕಡೆ ತಿರುಗಿಸಿದರು. ಅವರ ಜೋಡಿನ ಹಿಮ್ಮಡಿ ಹೊಸದರಂತೆಯೇ ಇತ್ತು. ಸವೆದದ್ದು ಮುಂಗಾಲಿನ ಕೆಳಗೆ, ಗುಂಡಗೆ, ಅಲ್ಲೇ ಬುಗುರಿ ಆಡಿಸಿದ ಹಾಗೆ. ಬಡಿಗೆ ಊರಿ ಹಾರಿ ಹಾರಿ ನಡೆಯುವವನು ಮುಂಗಾಲ ಮೇಲೆ ಇಳಿಯುತ್ತಾನೆ. ತಿರುಗಬೇಕಾದರೂ ಅದೇ ಕಾಲಿನ ಮೇಲೆ ತಿರುಗುತ್ತಾನೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಇಂಥ ತಳ ಎಷ್ಟೋ ಬದಲಿಸಿದ್ದೇನೆ. ಆದರೆ ನಾನು ತಂದುಕೊಟ್ಟ ಜೋಡಿನಲ್ಲಿ ಹಿಮ್ಮಡಿಯ ಹೊರ ಅಂಚು ಓರೆಯಾಗಿ ಸವೆದಿತ್ತು. ನಿಮ್ಮದೂ ನನ್ನದೂ ಸವೆಯುವ ಹಾಗೆ.

‘ಇದು ಎರಡು ಕಾಲಿದ್ದವನ ಜೋಡು,’ ಎಂದರು ಶಂಕ್ರೆಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ‘ಎಲ್ಲಿ ಹಾನ ಅಂವ?’

ಬಾಯಿಗೆ ಹತ್ತು ಉತ್ತರ ಬಂದವು. ಹತ್ತೂ ಚೆನ್ನಾಗಿದ್ದವು. ಹೇಳಲು ತ್ರಾಣ ಇರಲಿಲ್ಲ. ಫರಸಿ ನೆಲದ ಮೇಲೆ ಕುಕ್ಕರಿಸಿದೆ.

‘ಇಲ್ರಿ ಅಂವ,’ ಎಂದೆ. ‘ಸತ್ತು ಎರಡು ವರ್ಸ ಆತು.’

ರುಕ್ಮಿಣಿಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಶಂಕ್ರೆಪ್ಪ ಜೋಡುಗಳ ಮೇಲಿಂದ ಕೈ ತೆಗೆಯಲಿಲ್ಲ. ಹೆಂಗ ಸತ್ತ ಎಂದು ಕೇಳಿದರು. ಹೇಳಿದೆ. ಉಳಿದ ಎಡಗಾಲಿಗೂ ಗಾಯವಾಗಿತ್ತು, ಜೋಳದ ಕಾಳಿನಷ್ಟು. ಬೆರಳು ತೆಗೆಯಬೇಕು ಎಂದಿದ್ದರು. ಇನ್ನೊಂದು ಕಾಲಿನ ನೆನಪಿಗೆ ಹೆದರಿ ಅವನು ಇವತ್ತು ನಾಳೆ ಎಂದ. ಮನೆಯವರು ಹೊತ್ತುಕೊಂಡು ಹೋಗುವ ಹೊತ್ತಿಗೆ ವಿಷ ಮೈಗೆಲ್ಲ ಏರಿತ್ತು. ಕಾಲು ಕೊಯ್ಯುವಷ್ಟು ವೇಳೆಯನ್ನೂ ಅವನು ಕೊಡಲಿಲ್ಲ.

‘ಪಾಟೀಲ ಇದ್ನಲ್ಲ, ಗಾಡಿ ಮಾಡ್ಕೊಂಡು ಹೋಗಾಕ ಏನಾಗಿತ್ತು ಅವನಿಗಿ?’

‘ಪಾಟೀಲ ಅಲ್ರಿ. ಬಸ್‌ಸ್ಟ್ಯಾಂಡಿನಾಗ ಹಮಾಲ ಇದ್ದ. ಹೊಲಾನೂ ಇರಲಿಲ್ಲ, ಬೈಕೂ ಇರಲಿಲ್ಲ. ಕಾಲು ಹೋದ ಮ್ಯಾಲ ಮನಿ ಮುಂದ ಕುಂತು ಬೀಡಿ ಸೇದತಿದ್ದ. ಅಷ್ಟ ಅವನ ಕತಿ.’

ಶಂಕ್ರೆಪ್ಪನವರ ತುಟಿ ಸ್ವಲ್ಪ ಅಲುಗಿತು. ಮತ್ತ ಆ ಹಂದಿ, ಎಂದರು. ಹಂದಿಯೂ ಇರಲಿಲ್ಲ ಎಂದೆ.

ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ಮೊಗಲಪ್ಪ ಸತ್ತ ವಾರವೇ ನಾನು ಇಲ್ಲಿಗೆ ಬಂದಿದ್ದೆ, ಹೇಳಲೆಂದೇ. ಅವತ್ತು ಶಂಕ್ರೆಪ್ಪನವರು ಮೊದಲ ಸಲ ಅಂಗಡಿ ಮೆಟ್ಟಿಲು ಹತ್ತಿ ಕೂತಿದ್ದರು. ಬೆವರಿ ನೀರಾಗಿದ್ದರು. ನನ್ನನ್ನು ಕಂಡವರೇ, ಅವನಿಗೆ ಹೇಳು ನಾನೂ ಬಂದೆ ಅಂತ, ಎಂದಿದ್ದರು. ಅದನ್ನು ಹೇಳಲು ಅವನು ಇರಲಿಲ್ಲ. ಇವರಿಗೆ ಅವನಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಪ್ರತಿ ಸಲ ಅವನನ್ನು ಎಬ್ಬಿಸಿ, ನಡೆಸಿ, ಮಾತಾಡಿಸಿ, ನನಗೂ ಸಾಕಾಗಿಹೋಗಿತ್ತು. ಹೊತ್ತುಕೊಂಡು ತಿರುಗಿದ ಹಾಗೆ. ಇವರಿಗೆ ಬಲದ್ದು ಹೊಲಿದಾಗಲೆಲ್ಲ ಎಡದ್ದನ್ನೂ ಹೊಲಿದು, ಚೀಲದಲ್ಲಿ ಹಾಕಿ, ಮನೆಯ ಅಟ್ಟಕ್ಕೆ ಏರಿಸುತ್ತಿದ್ದೆ. ಒಂದನ್ನೇ ಹೊಲಿಯಲು ಯಾಕೋ ಕೈ ಬರಲಿಲ್ಲ.

‘ಮತ್ತ ಆ ಮಾತು ಯಾರು ಹೇಳಿದ್ದು? ಬೆರಳು ಕೊಟ್ಟು ಕಾಲು ಉಳಿಸ್ಕೋ ಅಂತ?’

ಅದು ಸುಗಲಾಬಾಯಿ ಹೇಳಿದ್ದು ಎಂದೆ, ಮೊಗಲಪ್ಪನ ಹೆಂಡತಿ. ನಾರಾಯಣಖೇಡಕ್ಕೆ ನಾನು ಹೋದದ್ದು ಸುಳ್ಳಲ್ಲ. ಅವಳ ಹೊಸ್ತಿಲ ಮೇಲೆ ಕೂತು, ಅವನ ಹಳೆ ಜೋಡು ಒಂದು ಇದ್ದರೆ ಕೊಡು ಎಂದು ಕೇಳಿದೆ. ಅವನ ಜೋಡು ಅವನ ಸಂಗಡವೇ ಕಳಿಸಿದೆ ಎಂದಳು. ಒಂಟಿ ಜೋಡು ಇಟ್ಕೊಂಡು ನಾ ಏನ್ ಮಾಡ್ಲಿ ಅಂದಳು. ಯಾತಕ್ಕೆ ಬೇಕೆಂದು ಕೇಳಿದಾಗ ತಾಂಡೂರಿನ ಸಾವ್ಕಾರರ ಸಂಗತಿ ಹೇಳಿದೆ. ಆಗ ಅವಳು, ‘ನಮ್ಮವರು ಒಂದು ಬೆರಳು ಕೊಟ್ಟಿದ್ರ ಇವತ್ತು ಇಲ್ಲೇ ಕುಂತು ಬೀಡಿ ಸೇದತಿದ್ರು. ಹಂಗಂತ ಹೇಳ್ರಿ ಅವರಿಗಿ,’ ಎಂದಳು. ಅದನ್ನೇ ನಾನು ಪಾಟೀಲನ ಬಾಯಿಗೆ ಹಾಕಿದ್ದು.

ಶಂಕ್ರೆಪ್ಪ ನಾನು ತಂದ ಜೋಡನ್ನು ನನ್ನ ಕಡೆ ಸರಿಸಿ, ತಮ್ಮದನ್ನು ಮಡಿಲಲ್ಲೇ ಇಟ್ಟುಕೊಂಡರು.

‘ಎರಡು ವರ್ಸ ನಾ ಸತ್ತವನ ಸಂಗಡ ನಡದೀನಿ,’ ಎಂದರು. ‘ಅಂವ ಹ್ವಾದ ದಾರಿ ನನಗ ಬ್ಯಾಡ. ರುಕ್ಮಿಣಿ, ಆಟೋ ಹೇಳು.’

ಆಟೋಗೆ ಹತ್ತಿಸುವಾಗ ನಾನು ಒಂದು ಕಡೆ ಹೆಗಲು ಕೊಟ್ಟೆ. ಅಷ್ಟು ದೊಡ್ಡ ಆಳು, ಹಗುರಾಗಿದ್ದರು. ದವಾಖಾನೆಯಲ್ಲಿ ಅದೇ ದಿನ ಒಳಗೆ ಕರೆದುಕೊಂಡರು. ನಾನು, ರುಕ್ಮಿಣಿಬಾಯಿ ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಕೂತೆವು. ಎದುರು ಬೆಂಚಿನಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡವರು ಕೂತಿದ್ದರು. ಅಭ್ಯಾಸದ ಮೇಲೆ ಅವರ ಪಾದಗಳನ್ನು ನೋಡಿದೆ. ಏಳು, ಎಂಟು, ಒಬ್ಬ ಹೆಣ್ಣುಮಗಳದು ಐದು. ಜೊತೆ ಕಟ್ಟುವುದು ಬೇಡಪ್ಪಾ ಎಂದುಕೊಂಡೆ. ಇವರು ಯಾರಿಗೂ ನಾನು ಬೇಕಾಗದಿರಲಿ.

ಸಂಜೆ ಡಾಕ್ಟರು ಹೊರಗೆ ಬಂದು ಕಾಲು ಉಳಿಯಿತು ಎಂದರು. ಹೆಬ್ಬೆರಳು ತೆಗೆದಿದ್ದೇವೆ, ಪಕ್ಕದ ಬೆರಳಿಗೂ ಹಬ್ಬಿತ್ತು, ಅದನ್ನೂ ತೆಗೆಯಬೇಕಾಯಿತು, ಇನ್ನೆರಡು ದಿನ ಬಿಟ್ಟಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ ಎಂದರು. ರುಕ್ಮಿಣಿಬಾಯಿ ಕೈ ಮುಗಿದರು. ಡಾಕ್ಟರು ಹೋದ ಮೇಲೂ ಕೈ ಮುಗಿದುಕೊಂಡೇ ಇದ್ದರು. ನಾನು ಹುರುಪಿಗೆ ಬಂದೆ. ಎರಡು ಬೆರಳು ಯಾವ ಲೆಕ್ಕ ಎಂದೆ, ಎಂಟು ಬೆರಳು ಹೋದವರನ್ನು ಹೈದರಾಬಾದಿನ ತನಕ ಓಡಿಸಿದ್ದೇನೆ ಎಂದೆ, ಇವರಿಗೆ ಎಂಥ ಜೋಡು ಹೊಲಿಯುತ್ತೇನೆಂದರೆ ನೋಡಿದವರೆಲ್ಲ ತಮ್ಮ ಬೆರಳನ್ನೂ ತೆಗೆಸಿಕೊಳ್ಳುತ್ತಾರೆ ಎಂದೆ.

ರುಕ್ಮಿಣಿಬಾಯಿ ನನ್ನ ಮಾತು ಮುಗಿಯುವ ತನಕ ಕಾದರು.

‘ತುಳಜಪ್ಪಣ್ಣ,’ ಎಂದರು, ‘ನೀ ಹೋದ ಮರುದಿನಾನ ಸುಗಲಾಬಾಯಿ ಕಡಿಂದ ಜೋಡು ಇಲ್ಲಂತ ನಿನಗ ಗೊತ್ತಾತು. ಮತ್ತ ನಾಕು ದಿನ ಎಲ್ಲಿದ್ದಿ?’

ಗಿರಾಕಿಗಳ ಸಾಲು ಎಂದೆ. ಬೀದರ ತನಕ ಎನ್ನಲು ಹೊರಟು ಅವರ ಮುಖ ನೋಡಿ ನಿಲ್ಲಿಸಿದೆ. ಅವರು ನನ್ನ ಕಾಲುಗಳನ್ನು ನೋಡುತ್ತಿದ್ದರು. ಬಲಗಾಲಲ್ಲಿ ನನ್ನ ದಿನದ ಚಪ್ಪಲಿ. ಎಡಗಾಲಲ್ಲಿ, ಅವಸರದಲ್ಲಿ ಮನೆಯಿಂದ ಹೊರಡುವಾಗ ಕೈಗೆ ಸಿಕ್ಕಿದ್ದು, ಅಟ್ಟದ ಚೀಲದಿಂದ ತೆಗೆದ ಇನ್ನೊಂದು. ಒಂಬತ್ತು ನಂಬರಿನದು. ನನಗದು ಕೊಂಚ ದೊಡ್ಡದು.

ಸುಳ್ಳು ಇನ್ನೇನೂ ಉಳಿದಿರಲಿಲ್ಲ.

‘ಜೋಡು ಸವಸಲತ್ತಿದ್ದೆ ಅವ್ವಾರ,’ ಎಂದೆ. ‘ಹೊಸಾ ಎಡದ್ದು ತಗೊಂಡು ನಾನ ಮೆಟ್ಕೊಂಡು ತಿರುಗಿದೆ. ಹಳೇದಾಗ್ಲಿ ಅಂತ. ದಿನಾ ಮಂಡಿ ತನಕ ನಡದೆ, ಮನಿ ಮುಂದಿನ ಫರಸಿ ಮ್ಯಾಲ ತಿಕ್ಕಿದೆ. ನೀವು ಫೋನ್ ಮಾಡಿದಾಗ ನಾ ಬಸ್ಸಿನಾಗ ಇರಲಿಲ್ಲ. ನಡೀತಿದ್ದೆ.’

ಒಳಗೆ ಯಾರೋ ಬಾಗಿಲು ತೆರೆದು, ಪೇಷಂಟಿಗೆ ಎಚ್ಚರ ಬಂದಿದೆ, ಹೆಂಡತಿಯನ್ನು ಕೇಳುತ್ತಿದ್ದಾರೆ ಎಂದರು. ರುಕ್ಮಿಣಿಬಾಯಿ ಎದ್ದು, ಸೆರಗು ಸರಿ ಮಾಡಿಕೊಂಡು ಒಳಗೆ ಹೋದರು. ಬಾಗಿಲಲ್ಲಿ ಒಂದು ಸಲ ತಿರುಗಿ, ಹೋಗಬೇಡ, ನಮ್ಮವರೂ ಕೇಳ್ತಾರ, ಅವರಿಗೂ ನೀನ ಹೇಳು ಎಂದರು.

ಕೂತೇ ಇದ್ದೇನೆ. ಹೆಬ್ಬೆರಳು ಹೋದದ್ದು ದಬ್ಬಣಕ್ಕೆ. ಪಕ್ಕದ ಬೆರಳು ಹೋದದ್ದು ನನ್ನ ನಾಲ್ಕು ದಿನಕ್ಕೆ. ಡಾಕ್ಟರು ಹಾಗೆ ಹೇಳಲಿಲ್ಲ, ಆದರೆ ನನಗೆ ಗೊತ್ತು. ಆ ವಿಮಾನದಲ್ಲಿ ಕೂತವನನ್ನೂ ನಾನು ನೋಡಿಲ್ಲ. ಪಾದವನ್ನು ಕೈಯಲ್ಲಿ ಹಿಡಿದು ದಾರ ಸುತ್ತದೆ ಒಬ್ಬನದೂ ಅಳತೆ ನನಗೆ ತಿಳಿಯುವುದಿಲ್ಲ.